ಮೇಷ್ಟ್ರ ದೇಶವೂ ಅಮೀರ್ ಬೀಯ ಮೊಟ್ಟೆಬುಟ್ಟಿಯೂ

ಕಂಡಕ್ಟರ್ ಕೆಲಸ ಸುಲಭ ಎನ್ನುವವರನ್ನು ಒಂದು ವಾರ ನನ್ನ ಜಾಗದಲ್ಲಿ ನಿಲ್ಲಿಸಬೇಕು, ಆಗ ಗೊತ್ತಾಗುತ್ತದೆ. ಟಿಕೆಟ್ ಹರಿಯುವುದು, ಶೀಟಿ ಊದುವುದು, ಚಿಲ್ಲರೆಗೆ ಜಗಳವಾಡುವುದು, ಇವೆಲ್ಲ ಕೆಲಸವೇ ಅಲ್ಲ. ನಿಜವಾದ ಕೆಲಸ ಟವೆಲ್ ಕಾಯುವುದು. ನಗಬೇಡಿ. ನಾನು ಕಲೀಮುಲ್ಲಾ. ನಾವೆಲ್ಲ ಬರೀ ‘ಪುರ’ ಎನ್ನುವ ನರಸಿಂಹರಾಜಪುರದಿಂದ ಕೊಪ್ಪಕ್ಕೆ, ಅಲ್ಲಿಂದ ಹರಿಹರಪುರದ ಮೇಲೆ ಶೃಂಗೇರಿಗೆ ಹೋಗುತ್ತಿದ್ದ ‘ಮಾಲತಿ’ ಬಸ್ಸಿನ ಕಂಡಕ್ಟರ್. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಾಲತಿ ಎಂಬುದು ಬಸ್ಸಿನ ಧಣಿಗಳ ಮಗಳ ಹೆಸರು. ಹುಡುಗಿ ಬಹಳ ಲಕ್ಷಣವಾಗಿದ್ದಳಂತೆ. ಬಸ್ಸಿನ ಬಗ್ಗೆ ಆ ಮಾತು ಹೇಳಲು ನನಗೆ ಬಾಯಿ ಬರುವುದಿಲ್ಲ.

ಬೆಳಿಗ್ಗೆ ಮಾಲತಿ ಪುರದ ಸ್ಟ್ಯಾಂಡಿಗೆ ಬಂದು ನಿಂತದ್ದೇ ತಡ, ಕಿಟಕಿಗಳಿಂದ ಟವೆಲ್‌ಗಳು ಒಳಗೆ ಬೀಳುತ್ತಿದ್ದವು. ಯಾವ ಸೀಟಿನ ಮೇಲೆ ಯಾರ ಟವೆಲ್ ಬಿತ್ತೋ ಆ ಸೀಟು ಅವರದು. ಆಮೇಲೆ ಅವರು ಹೋಟೆಲಿನಲ್ಲಿ ದೋಸೆ ತಿನ್ನಲಿ, ಕ್ಷೌರ ಮಾಡಿಸಿಕೊಳ್ಳಲಿ, ಬೀಗರ ಮನೆಗೆ ಹೋಗಿ ಕಾಫಿ ಕುಡಿದು ಬರಲಿ, ಸೀಟು ಎಲ್ಲಿಗೂ ಹೋಗುವುದಿಲ್ಲ. ಇದನ್ನು ಯಾವ ಸರ್ಕಾರವೂ ಬರೆದದ್ದಲ್ಲ. ಆದರೆ ನಮ್ಮ ಕಡೆ ಒಬ್ಬನ ಕಪಾಳಕ್ಕೆ ಹೊಡೆದರೂ ನಾಲ್ಕು ಜನ ಕೂತು ರಾಜಿ ಮಾಡಿಸಬಹುದು. ಅವನ ಟವೆಲ್ ಎತ್ತಿ ಪಕ್ಕಕ್ಕೆ ಇಟ್ಟರೆ ರಾಜಿಯ ಮಾತೇ ಇಲ್ಲ. ಬೇರೆಯವರ ಟವೆಲ್ ಮೇಲೆ ಕೂರುವುದಂತೂ ಬೇರೆಯವರ ಎಲೆಯ ಮುಂದೆ ಕೂತು ಉಂಡ ಹಾಗೆ.

ದೊಡ್ಡವರು ತಾವೇ ಬಂದು ಟವೆಲ್ ಎಸೆಯುತ್ತಾರೆಂದು ತಿಳಿಯಬೇಡಿ. ಅದಕ್ಕೆ ಗಿಡ್ಡಯ್ಯ ಇದ್ದ, ಸ್ಟ್ಯಾಂಡಿನ ಹಮಾಲಿ. ಹಿಂದಿನ ಸಂಜೆಯೇ ಟವೆಲ್‌ಗಳು ಅವನ ಕೈ ಸೇರುತ್ತಿದ್ದವು. ಕಾಫಿಗೆ ಏನಾದರೂ ಕೊಟ್ಟವರ ಟವೆಲ್ ಮುಂದಿನ ಸೀಟಿಗೆ, ಬರೀ ನಗು ಕೊಟ್ಟವರದು ಹಿಂದಿನ ಚಕ್ರದ ಮೇಲಿನ ಸೀಟಿಗೆ. ಎಸೆದು ಮುಗಿಸಿ ಅವನು ಅಡಿಕೆ ಮಂಡಿಯ ಮೂಟೆ ಹೊರಲು ಹೋಗಿಬಿಡುತ್ತಿದ್ದ. ದೊಡ್ಡವರು ಹೊರಡುವ ಹೊತ್ತಿಗೆ ಬಂದು ತಮ್ಮ ಟವೆಲ್ ಗುರುತು ಹಿಡಿದು ಕೂರುತ್ತಿದ್ದರು. ಕಾಫಿ, ಅಡಿಕೆ, ಗದ್ದೆ ಮೂರೂ ಇದ್ದ ಹೂವಪ್ಪ ಗೌಡರದು ನವಿಲಿನ ಚಿತ್ರದ ದಪ್ಪ ಟವೆಲ್. ಪರಮೇಶ್ವರಪ್ಪ ಮೇಷ್ಟ್ರದು ನೀಲಿ ಅಂಚಿನ ಬಿಳಿ ಪಂಚೆ ತುಂಡು.

ಈ ಮೇಷ್ಟ್ರ ವಿಷಯ ಹೇಳದಿದ್ದರೆ ಕತೆ ಮುಂದೆ ಹೋಗುವುದಿಲ್ಲ. ಪುರದಲ್ಲಿ ಮನೆ, ಕೊಪ್ಪದ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪಾಠ. ಒಳ್ಳೆಯವರು, ನನಗೆ ಅವರ ಮೇಲೆ ಪ್ರೀತಿಯೇ. ಆದರೆ ಆ ವರ್ಷ ಅವರಿಗೆ ಒಂದು ಹುಚ್ಚು ಹಿಡಿದಿತ್ತು. ಬೆಂಗಳೂರಿನ ಯಾವುದೋ ಸಮ್ಮೇಳನದಲ್ಲಿ ಪ್ರಬಂಧ ಓದಬೇಕು, ಅದೂ ಸಮುದ್ರದಾಚೆಯ ಒಂದು ಶ್ರೀಮಂತ ದೇಶದ ಮೇಲೆ. ಆ ದೇಶ ಹೇಗೆ ಬೆಳೆಯಿತು, ಬೆಳೆದರೂ ಅಲ್ಲಿ ಯಾಕೆ ಕೆಲವರು ಹಾಗೇ ಉಳಿದರು, ಈಗ ಯಾವ ಸುಧಾರಣೆ ಮೊದಲು ಆಗಬೇಕು, ಇದು ವಿಷಯ. ದಿನಾ ಬಸ್ಸಿನಲ್ಲಿ ಕೂತು ಅದನ್ನು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದರು. ಆ ದೇಶದ ಹೆಸರು ನಮ್ಮ ನಾಲಿಗೆಯಲ್ಲಿ ಹೊರಳಲಿಲ್ಲ. ಆದ್ದರಿಂದ ಬಸ್ಸಿನವರೆಲ್ಲ ಅದಕ್ಕೆ ‘ಮೇಷ್ಟ್ರ ದೇಶ’ ಅಂತ ಹೆಸರಿಟ್ಟೆವು. ಅವರೂ ಅದನ್ನು ಕಂಡವರಲ್ಲ ಬಿಡಿ. ಅವರು ಹೋದ ಅತಿ ದೂರದ ಊರು ಮದರಾಸು, ಅದೂ ಕಣ್ಣು ತೋರಿಸಲು.

“ಇವತ್ತು ಮೇಷ್ಟ್ರ ದೇಶದಲ್ಲಿ ಎಂತ ಸಮಾಚಾರ?” ಎಂದು ಹೂವಪ್ಪ ಗೌಡರು ಶುರು ಮಾಡಿಸುವರು.

“ಬೆಳವಣಿಗೆ ಚೆನ್ನಾಗಿದೆ ಗೌಡ್ರೇ. ಆದರೆ ಬೆಳೆದದ್ದೆಲ್ಲ ಮೇಲಿನವರ ಕಡೆಗೇ ಹೋಗ್ತಿದೆ. ಮನೆಗೊಂದು ಕಾರಿದೆ. ಬಾಡಿಗೆ ಕಟ್ಟಲಾಗದೆ ಆ ಕಾರಲ್ಲೇ ಮಲಗೋರೂ ಇದ್ದಾರೆ.”

“ಕಾರಿದ್ದೂ ಬಡವನಾ? ಹಂಗಾದ್ರೆ ಆ ಬಡತನ ನಮ್ಮ ತಾಲೂಕಿಗೂ ಸ್ವಲ್ಪ ಕಳಿಸ್ಲಿ ಮಾರಾಯ್ರೆ.”

ಡ್ರೈವರ್ ಕರಿಯಣ್ಣ ಸ್ಟೀರಿಂಗ್ ಬಿಟ್ಟು ಹಿಂದೆ ತಿರುಗುತ್ತಿದ್ದ. “ಮಲಗಿದಾಗ ಪೆಟ್ರೋಲ್ ಖರ್ಚಾಗದಿಲ್ವಲ್ಲ, ಅದೇ ಲಾಭ!”

“ಮುಂದೆ ನೋಡ್ಕಂಡು ಹೊಡಿಯೋ, ಹಾಳಾದವನೇ!” ಎಂದು ನಾನು ಕೂಗುತ್ತಿದ್ದೆ.

ಮೇಷ್ಟ್ರ ಪ್ರಕಾರ ಅಲ್ಲಿ ಮೂರು ಕೆಲಸ ಆಗಬೇಕಿತ್ತು. ಶಾಲೆ ಸುಧಾರಿಸಬೇಕು, ಮನೆ ಕಟ್ಟಿಸಬೇಕು, ಶ್ರೀಮಂತರ ತೆರಿಗೆ ಏರಿಸಬೇಕು. ಯಾವುದು ಮೊದಲು ಎಂಬುದೇ ಪ್ರಶ್ನೆ. ನೋಡಿ, ನಮ್ಮ ಬಸ್ಸು ಎರಡೇ ವಾರದಲ್ಲಿ ಮೂರು ಪಾರ್ಟಿ ಆಯಿತು. ಶಾಲೆ ಪಾರ್ಟಿಯವರು ಮನೆ ಪಾರ್ಟಿಯವರಿಗೆ ಎಲೆಯಡಿಕೆ ಕೊಡುವುದನ್ನು ನಿಲ್ಲಿಸಿದರು. ತೆರಿಗೆ ಎಂಬ ಶಬ್ದ ಕೇಳಿದರೆ ಹೂವಪ್ಪ ಗೌಡರಿಗೆ ಮೈಯೆಲ್ಲ ತುರಿಕೆ. “ಅವರು ಕಷ್ಟಪಟ್ಟು ದುಡ್ಡು ಮಾಡಿದಾರೆ, ನಿಮಗೆಂತಕ್ಕೆ ಹೊಟ್ಟೆಕಿಚ್ಚು?” ಎಂದು, ಜನ್ಮದಲ್ಲಿ ಮುಖ ನೋಡದ ಯಾರೋ ಶ್ರೀಮಂತರ ಪರವಾಗಿ ಎದೆ ಬಡಿದುಕೊಂಡು ಜಗಳಕ್ಕೆ ನಿಲ್ಲುತ್ತಿದ್ದರು.

ಈ ಗಲಾಟೆಯ ಮಧ್ಯೆ, ಹಿಂದಿನ ಬಾಗಿಲ ಹತ್ತಿರ, ಎರಡೂ ಕೈಯಲ್ಲಿ ಬುಟ್ಟಿ ತಬ್ಬಿಕೊಂಡು ನಿಂತು ಎಲ್ಲರನ್ನೂ ಒಟ್ಟಿಗೆ ಬೈಯುತ್ತಿದ್ದವಳು ಅಮೀರ್ ಬೀ.

ಅಮೀರ್ ಬೀ ಮುತ್ತಿನಕೊಪ್ಪದವಳು. ಗಂಡ ಇಲ್ಲ, ಮಕ್ಕಳು ಇಲ್ಲ, ಬಾಯಿ ಮಾತ್ರ ಇತ್ತು. ಮೊದಲು ಅಡಿಕೆ ಸುಲಿಯಲು ಹೋಗುತ್ತಿದ್ದಳು. ಸುಲಿದು ಸುಲಿದು ಬೆರಳುಗಳು ಸೊಟ್ಟಗಾಗಿ ಕತ್ತಿ ಹಿಡಿಯಲು ಬಾರದಂತಾದಾಗ ಕೋಳಿ ಸಾಕಿದಳು. ಊರಿನ ಮೊಟ್ಟೆಗಳನ್ನೂ ಕೂಡಿಸಿ ಪ್ರತಿ ಸೋಮವಾರ ಕೊಪ್ಪದ ಮಹಮ್ಮದ್ ಶಫಿಯ ಬೇಕರಿಗೆ ಕೊಡುತ್ತಿದ್ದಳು. ಅವಳ ವಾರದ ಅಕ್ಕಿ, ಎಣ್ಣೆ, ಬೆರಳಿಗೆ ಹಚ್ಚುವ ತೈಲ, ಎಲ್ಲ ಆ ಬುಟ್ಟಿಯಿಂದಲೇ ಬರಬೇಕು.

ಮುತ್ತಿನಕೊಪ್ಪದ ಮೊದಲ ಬಸ್ಸು ಪುರಕ್ಕೆ ಬರುವ ಹೊತ್ತಿಗೆ ಮಾಲತಿಯ ಸೀಟುಗಳ ಮೇಲೆಲ್ಲ ಟವೆಲ್ ಬಿದ್ದಿರುತ್ತಿತ್ತು. ‘ಮಹಿಳೆಯರಿಗೆ’ ಎಂದು ಬರೆದ ಸೀಟುಗಳ ಮೇಲೆ ದೊಡ್ಡ ಮನೆಯ ಮಹಿಳೆಯರ ಟವೆಲ್. ಅವಳು ಕೋಳಿ ಕೂಗುವ ಮೊದಲೇ ಎದ್ದರೂ ಅಷ್ಟೇ, ಏಳದಿದ್ದರೂ ಅಷ್ಟೇ. ನಿಂತುಕೊಂಡೇ ಬರಬೇಕು. ಬುಟ್ಟಿ ಕೆಳಗಿಟ್ಟರೆ ಮಾಲತಿಯ ತಗಡಿನ ನೆಲ ಮೊಟ್ಟೆಯನ್ನು ಕುಣಿಸಿ ಒಡೆಯುತ್ತದೆ. ಮೇಲೆ ಕ್ಯಾರಿಯರ್‌ಗೆ ಹಾಕುವ ಮಾತೇ ಬೇಡ. ಕೂತವರು ಯಾರಾದರೂ ಮಡಿಲಲ್ಲಿ ಇಟ್ಟುಕೊಳ್ಳಬಾರದೇ ಅನ್ನುತ್ತೀರಿ. ಅರ್ಧ ಬಸ್ಸು ಮೊಟ್ಟೆ ಮುಟ್ಟದವರು. ಉಳಿದರ್ಧ, ಒಡೆದರೆ ಅಮೀರ್ ಬೀಯ ಬಾಯಿಗೆ ಯಾರು ಬೀಳುವುದು ಎಂದು ಹೆದರಿದವರು. ಹಾಗಾಗಿ ಕೊಪ್ಪಕ್ಕೆ ಮುಂಚಿನ ಬಸರಿ ಮರದ ತಿರುವಿನಲ್ಲಿ ಬಸ್ಸು ವಾಲಿದಾಗಲೆಲ್ಲ ಅವಳೂ ವಾಲುತ್ತಿದ್ದಳು, ಬುಟ್ಟಿಯೊಳಗೆ ಚಟಚಟ ಸದ್ದಾಗುತ್ತಿತ್ತು, ಹಳದಿ ನೀರು ಅವಳ ಸೀರೆಯ ಮೇಲೆ ಇಳಿಯುತ್ತಿತ್ತು. ಆಗ ಬರುವ ಬೈಗುಳಗಳನ್ನು ಇಲ್ಲಿ ಬರೆಯಲಾಗುವುದಿಲ್ಲ.

ಒಂದು ಸೋಮವಾರ ಶಫಿ ಬುಟ್ಟಿಯೊಳಗೆ ಇಣುಕಿ ಕೈ ತೊಳೆದುಕೊಂಡ. “ನೋಡು ಖಾಲಾ, ಶಿವಮೊಗ್ಗದಿಂದ ಫಾರಂ ಮೊಟ್ಟೆ ಲಾರೀಲಿ ಬರ್ತಾ ಅದೆ. ಒಂದೂ ಒಡೆದಿರಲ್ಲ. ನೀನು ನಮ್ಮೋಳು ಅಂತ ಇಷ್ಟು ದಿನ ಸುಮ್ನಿದ್ದೆ. ಬರೋ ಸೋಮವಾರ ಹಿಂಗೇ ತಂದ್ರೆ ಮತ್ತೆ ತರ್ಬೇಡ.” ಶಫಿಯದೂ ತಪ್ಪು ಅಂತ ನಾನು ಹೇಳುವುದಿಲ್ಲ. ಲೋಳೆಯಲ್ಲಿ ಬಿಸ್ಕತ್ತು ಮಾಡಲು ಆಗುತ್ತದೆಯೇ?

ಆ ದಿನ ವಾಪಸ್ ಬರುವಾಗ ಅಮೀರ್ ಬೀ ಬೈಯಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಮೆಟ್ಟಿಲ ಮೇಲೆ ಕೂತು ಸೊಟ್ಟ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು. “ಕಲೀಮು, ಒಂದು ಸೋಮವಾರ ಕೂರ್ಸೋ. ಒಂದೇ ಒಂದು. ಮಡಿಲಾಗೆ ಇಟ್ಕಂಡು ಬಂದ್ರೆ ಒಂದೂ ಒಡೆಯಲ್ಲ. ಮತ್ತೆ ಅಡಿಕೆ ಸುಲಿಯಕ್ಕೆ ಈ ಕೈ ಬರಲ್ಲ ಕಣೋ.”

ಮರುದಿನ ಹೂವಪ್ಪ ಗೌಡರ ಹತ್ತಿರ ಕೈ ಮುಗಿದು ಕೇಳಿದೆ. ಬರುವ ಸೋಮವಾರ ಒಂದು ದಿನ ಸೀಟು ಬಿಟ್ಟುಕೊಡಿ ಅಂದೆ. ಅವರು ನವಿಲಿನ ಟವೆಲ್‌ನಿಂದ ಕುತ್ತಿಗೆ ಒರೆಸಿಕೊಂಡರು. “ಇವತ್ತು ಮೊಟ್ಟೆಗೆ ಸೀಟು ಕೊಟ್ರೆ ನಾಳೆ ಕೋಳಿಗೂ ಕೊಡ್ಬೇಕಾಗ್ತದೆ ಮಾರಾಯ. ಪದ್ಧತಿ ಅಂತ ಒಂದು ಅದೆಯಲ್ಲ.”

ಮೇಷ್ಟ್ರು ಆ ಹೊತ್ತಿಗೆ ಪ್ರಬಂಧದ ಮುಖ್ಯ ಭಾಗಕ್ಕೆ ಬಂದಿದ್ದರು. ಕನ್ನಡಕ ಸರಿಮಾಡಿಕೊಂಡು ಓದಿದರು. “ತಡವಾಗಿ ಬಂದವನದು ತಪ್ಪಲ್ಲ. ಅವನನ್ನು ತಡವಾಗಿಯೇ ತಲುಪಿಸುವ ವ್ಯವಸ್ಥೆಯದು ತಪ್ಪು. ಅದನ್ನು ಬುಡದಿಂದ ಬದಲಿಸುವುದೇ ರಚನಾತ್ಮಕ ಸುಧಾರಣೆ.” ಇಡೀ ಬಸ್ಸು ಭೇಷ್ ಎಂದಿತು. ಗೌಡರೂ ತಲೆದೂಗಿದರು, ಪರದೇಶದ ವಿಷಯ ತಾನೇ.

ಅಂದು ಸಂತೆಗೆಂದು ಬಂದು ಹಿಂದೆ ನಿಂತಿದ್ದ ಅಮೀರ್ ಬೀ ಕೂಗಿ ಕೇಳಿದಳು. “ಮೇಷ್ಟ್ರೇ, ನಿಮ್ಮ ದೇಶದಾಗೆ ತಡ ಆಗಿ ಬಂದೋರಿಗೆ ಸೀಟು ಯಾವಾಗ ಸಿಗ್ತದೆ?”

“ದೀರ್ಘಾವಧಿಯಲ್ಲಿ ಖಂಡಿತ ಸಿಗುತ್ತೆ ಅಮೀರ್ ಬೀ.”

“ದೀರ್ಘಾವಧಿ ಅಂದ್ರೆ ಎಂತ? ಕೊಪ್ಪ ಬರದ್ರೊಳಗಾ?”

ಬಸ್ಸಿಗೆ ಬಸ್ಸೇ ನಕ್ಕಿತು. ಮೇಷ್ಟ್ರೂ ನಕ್ಕರು, ನೀಲಿ ಅಂಚಿನ ಪಂಚೆಯನ್ನು ಬೆನ್ನಿಗೆ ಮೆತ್ತೆ ಮಾಡಿಕೊಂಡು ಹಾಳೆ ತಿರುಗಿಸಿದರು. ನನಗೆ ನಗು ಬರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಅಲ್ಲ ಸ್ವಾಮಿ, ಏಳು ಸಮುದ್ರದಾಚೆ ತಡವಾಗಿ ಬಂದವನು ಇವರ ಕಣ್ಣಿಗೆ ಕಾಣುತ್ತಾನೆ, ಹಿಂದಿನ ಬಾಗಿಲಲ್ಲಿ ನಿಂತವಳು ಕಾಣುವುದಿಲ್ಲ! ಈ ಟವೆಲ್‌ಗಳಿಗೆ ಒಂದು ಗತಿ ಕಾಣಿಸದಿದ್ದರೆ ನನ್ನ ಹೆಸರು ಕಲೀಮುಲ್ಲಾ ಅಲ್ಲ ಅಂದುಕೊಂಡೆ.

ಉಪಾಯ ಹೊಳೆದದ್ದು ಅಬ್ದುಲ್ ಅಜೀಜ್ ಸಾಹೇಬರ ಬಟ್ಟೆ ಅಂಗಡಿಯಲ್ಲಿ. ಅವರಲ್ಲಿ ಒಂದು ಹೊರೆ ಟವೆಲ್ ಮಾರಾಟವಾಗದೆ ಕೊಳೆಯುತ್ತಿತ್ತು. ಹಸಿರು ಕೆಂಪು ಚೌಕಳಿ, ಎಲ್ಲವೂ ಒಂದೇ ಥರ. ಮೈ ಒರೆಸಿಕೊಂಡರೆ ನೀರಿನ ಜೊತೆ ಚರ್ಮವೂ ಬರುವಷ್ಟು ಒರಟು. “ಸಾಹೇಬ್ರೇ, ಅಂಗಡಿಗೆ ಹೊಸ ಬೋರ್ಡು ಹಾಕಿದೀರಲ್ಲ, ಆ ಖುಷೀಗೆ ಇದನ್ನ ಸುಮ್ನೆ ಹಂಚಿಬಿಡಿ. ಮೂಲೇಲಿ ಅಂಗಡಿ ಹೆಸರು ಅಚ್ಚು ಹೊಡೆಸಿ. ಶೃಂಗೇರಿವರೆಗೆ ಎಲ್ಲರ ಹೆಗಲ ಮೇಲೂ ನಿಮ್ಮ ಹೆಸರು ಓಡಾಡ್ತದೆ” ಎಂದೆ. ಸಾಹೇಬರು ಗಡ್ಡ ಸವರಿಕೊಂಡರು. ಹೆಗಲ ಮೇಲೆ ಹೆಸರು ಓಡಾಡುವ ಮಾತು ಅವರಿಗೆ ಬಹಳ ಹಿಡಿಸಿತು.

ನನ್ನ ಲೆಕ್ಕಾಚಾರ ಸರಳ. ಎಲ್ಲರ ಟವೆಲ್ ಒಂದೇ ಥರ ಆದರೆ ಯಾರದು ಯಾವುದು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಎಸೆದ ಗಿಡ್ಡಯ್ಯ ಮಂಡಿಯಲ್ಲಿರುತ್ತಾನೆ. ಅಮೀರ್ ಬೀ ಬಂದು ಮುಂದಿನ ಸೀಟಿನ ಟವೆಲ್ ಎತ್ತಿ “ಇದು ನನ್ನದು” ಎಂದು ಕೂತುಬಿಟ್ಟರೆ, ಅಲ್ಲ ಎನ್ನಲು ಯಾವ ಅಪ್ಪನಿಂದಲೂ ಆಗುವುದಿಲ್ಲ. ದೊಡ್ಡವರು ಆ ಒರಟು ಟವೆಲ್ ಬಳಸುತ್ತಾರೆಯೇ ಎಂದು ನನ್ನ ಹೆಂಡತಿ ಜಮೀಲಾ ಕೇಳಿದಳು. ಅವಳು ಹೊಲಿಗೆ ಮಿಷನ್ ಇಟ್ಟುಕೊಂಡವಳು, ಬಟ್ಟೆ ಮೇಲೆ ಅವಳಿಗೆ ಗೌರವ. ನಾನು ನಕ್ಕೆ. ಪುಕ್ಕಟೆ ಸಿಕ್ಕಿದ್ದನ್ನು ಬಿಡುವವರು ಇನ್ನೂ ಹುಟ್ಟಬೇಕು.

ನಾನಂದುಕೊಂಡದ್ದಕ್ಕಿಂತ ಹೆಚ್ಚೇ ಆಯಿತು. ಶನಿವಾರ ಅಂಗಡಿಯ ಮುಂದೆ ನೂಕುನುಗ್ಗಲು. ಹೂವಪ್ಪ ಗೌಡರು ಖುದ್ದು ಬಂದು ಒಂದು ತೆಗೆದುಕೊಂಡರು. ಆಮೇಲೆ ಹೆಂಡತಿಗೊಂದು ಎಂದು ಆಳನ್ನು ಕಳಿಸಿದರು. ಆಮೇಲೆ ಆಳಿಗೊಂದು ಎಂದು ಇನ್ನೊಬ್ಬ ಆಳನ್ನು ಕಳಿಸಿದರು. “ನವಿಲಿನ ಟವೆಲ್ ಸುಮ್ನೆ ಧೂಳು ಹಿಡೀತಾ ಇತ್ತು, ಬಸ್ಸಿಗೆ ಇದೇ ಸಾಕು” ಎಂದರು. ಮೇಷ್ಟ್ರೂ ಒಂದು ತೆಗೆದುಕೊಂಡರು. ಸೀಟಿನ ಮೇಲಿನದನ್ನು ಯಾರಾದರೂ ಎಳೆದುಕೊಂಡರೆ ಹಾಸಲು ಇರಲಿ ಎಂದು ನಾನು ಒಂದನ್ನು ಮುತ್ತಿನಕೊಪ್ಪಕ್ಕೆ ಕಳಿಸಿ, ಸೋಮವಾರ ಇದನ್ನು ಯಾರಿಗೂ ಕಾಣದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬಾ, ಬಂದ ಕೂಡಲೇ ಮುಂದಿನ ಸೀಟು ಹಿಡಿ ಎಂದು ಹೇಳಿಕಳಿಸಿದೆ.

ಸೋಮವಾರ ಬೆಳಿಗ್ಗೆ ಮಾಲತಿಯೊಳಗೆ ಕಾಲಿಟ್ಟವನು ಬೆಪ್ಪಾಗಿ ನಿಂತೆ. ಹಿಂದಿನಿಂದ ಮುಂದಿನವರೆಗೆ ಹಸಿರು ಕೆಂಪು ಚೌಕಳಿ. ಜನ್ಮದಲ್ಲಿ ಟವೆಲ್ ಎಸೆಯದವರೂ ಎಸೆದಿದ್ದರು. ಕೆಲವು ಸೀಟುಗಳ ಮೇಲೆ ಎರಡೆರಡು, ಮುಂದಿನ ಸೀಟಿನ ಮೇಲಂತೂ ಒಂದರ ಮೇಲೊಂದು ಮೆತ್ತೆಯ ಹಾಗೆ ಬಿದ್ದಿದ್ದವು. ಜನರಿಗಿಂತ ಟವೆಲ್ ಹೆಚ್ಚು.

ಹೊರಡುವ ಹೊತ್ತಿಗೆ ದೊಡ್ಡವರು ಹತ್ತಿದರು. ಹೂವಪ್ಪ ಗೌಡರು ಮುಂದಿನ ಸೀಟಿನ ಹತ್ತಿರ ಬಗ್ಗಿದರು.

“ಅದು ನಂದು!” ಎಂದು ಹಿಂದಿನಿಂದ ಒಬ್ಬರು ಕೂಗಿದರು.

“ನಿಮ್ದು ಹೆಂಗಾಗ್ತದೆ? ಗಿಡ್ಡಯ್ಯ ದಿನಾ ನಂಗೆ ಮುಂದಿನ ಸೀಟೇ ಹಾಕದು.”

“ಹಂಗಾದ್ರೆ ಗುರ್ತು ಹೇಳಿ.”

“ಹಸಿರು ಕೆಂಪು ಚೌಕಳಿ!”

“ನಂದೂ ಅದೇ!”

ನಾನು ಮುಖ ತಿರುಗಿಸಿ ನಗು ನುಂಗಿದೆ. ಇನ್ನು ಅಮೀರ್ ಬೀ ಬಂದರಾಯಿತು ಅಂದುಕೊಳ್ಳುವಷ್ಟರಲ್ಲಿ ಮುತ್ತಿನಕೊಪ್ಪದ ಬಸ್ಸು ಬಂತು. ಅವಳು ಓಡೋಡಿ ಬಂದು ಮುಂದಿನ ಬಾಗಿಲಲ್ಲಿ ಹತ್ತಿ, ಎಲ್ಲರನ್ನೂ ಮೊಣಕೈಯಲ್ಲಿ ತಳ್ಳಿ, “ಸರೀರಿ, ಇದು ನನ್ನ ಟವೆಲ್!” ಎಂದು ಗುಡುಗಿದಳು.

ಗೌಡರು ಅವಳನ್ನು ಮೇಲಿಂದ ಕೆಳಗೆ ನೋಡಿದರು. “ನಿನ್ನ ಟವೆಲ್ ನಿನ್ನ ಕೈಲೇ ಅದೆಯಲ್ಲ ಮಾರಾಯ್ತಿ!”

ಹೌದು. ಸೊಂಟಕ್ಕೆ ಸಿಕ್ಕಿಸಿಕೋ ಎಂದರೆ ಈ ಪುಣ್ಯಾತಗಿತ್ತಿ ಆ ಟವೆಲ್ ಅನ್ನು ಮೊಟ್ಟೆಬುಟ್ಟಿಯ ಮೇಲೆ ಚೆನ್ನಾಗಿ ಹೊದೆಸಿ, ಸುತ್ತ ಹಗ್ಗ ಕಟ್ಟಿಕೊಂಡು ತಂದಿದ್ದಳು. ಮೊಟ್ಟೆಗೆ ಇಬ್ಬನಿ ತಾಗಬಾರದಂತೆ! ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ವಾರವಿಡೀ ಹೂಡಿದ ಉಪಾಯ ಒಂದೇ ಏಟಿಗೆ ನೀರುಪಾಲು.

ಆಮೇಲೆ ನಡೆದದ್ದನ್ನು ನಾನೂ ಎಣಿಸಿರಲಿಲ್ಲ. ಯಾರಾದರೂ ಕೂರಲು ಬಗ್ಗಿದರೆ ನಾಲ್ಕು ಜನ ಅದು ನಂದು ಎನ್ನುತ್ತಿದ್ದರು. ಯಾರಿಗೂ ಧೈರ್ಯವಿಲ್ಲ, ಬೇರೆಯವರ ಟವೆಲ್ ಮೇಲೆ ಕೂತರೆ ಮರ್ಯಾದೆಯ ಪ್ರಶ್ನೆ. ಟವೆಲ್ ಎತ್ತಿ ಎಸೆಯೋಣವೆಂದರೆ ಅದು ಯಾರ ಟವೆಲ್ಲೋ! ಮೂಟೆ ಹೊತ್ತು ಎಲ್ಲೋ ಹೋಗಿದ್ದ ಗಿಡ್ಡಯ್ಯನನ್ನು ಹುಡುಕಿ ತಂದರು. ಅವನು ಒಂದು ಸಲ ಒಳಗೆ ನೋಡಿ, “ನನ್ನಪ್ಪನಾಣೆ, ನಂಗೂ ಗೊತ್ತಾಗದಿಲ್ಲ” ಎಂದು ಕೈ ಮುಗಿದು ಓಡಿದ.

ಕರಿಯಣ್ಣ ಹಾರ್ನ್ ಒತ್ತಿದ. “ಕೂರ್ತೀರೋ, ನಿಲ್ತೀರೋ, ಸೀಟಿಗೆ ಪೂಜೆ ಮಾಡ್ತೀರೋ, ನಾನಂತೂ ಹೊರಟೆ!”

ಬಸ್ಸು ಹೊರಟಿತು. ಆ ದೃಶ್ಯವನ್ನು ನೀವು ನೋಡಬೇಕಿತ್ತು. ಎಲ್ಲ ಸೀಟೂ ಖಾಲಿ, ಎಲ್ಲ ಜನವೂ ನಿಂತಿದ್ದಾರೆ. ಸೀಟುಗಳಲ್ಲಿ ಟವೆಲ್‌ಗಳು ಆರಾಮಾಗಿ ಕಾಲು ಚಾಚಿ ಕೂತು ಕೊಪ್ಪಕ್ಕೆ ಹೊರಟಿವೆ. ಹೂವಪ್ಪ ಗೌಡರು ಮೇಲಿನ ಕಂಬಿಗೆ ಜೋತುಬಿದ್ದಿದ್ದಾರೆ. ಮೇಷ್ಟ್ರು ಒಂದು ಕೈಯಲ್ಲಿ ಪ್ರಬಂಧ, ಇನ್ನೊಂದು ಕೈಯಲ್ಲಿ ನನ್ನ ಚರ್ಮದ ಚೀಲದ ಪಟ್ಟಿ ಹಿಡಿದುಕೊಂಡಿದ್ದಾರೆ. ಸೀಟಿಲ್ಲದೆ ಸದಾ ನಿಂತು ಬರುತ್ತಿದ್ದ ಕೂಲಿಯವರು ಮಾತ್ರ ಕಾಲು ಅಗಲಿಸಿ, ಏನೂ ಹಿಡಿಯದೆ, ಬೀಡಿಯ ವಿಷಯ ಮಾತಾಡುತ್ತ ನಿಂತಿದ್ದರು.

ಎದುರಿಂದ ಬಂದ ಲಾರಿಗೆ ದಾರಿ ಬಿಡಲು ಕರಿಯಣ್ಣ ಬ್ರೇಕ್ ಹಾಕಿದ. ಎಲ್ಲರೂ ಮುಂದಕ್ಕೆ ಮುಗ್ಗರಿಸಿದರು. ಮೇಷ್ಟ್ರ ಹಣೆ ಗೌಡರ ಬೆನ್ನಿಗೆ ಬಡಿಯಿತು. ಅಮೀರ್ ಬೀ “ಯಾ ಅಲ್ಲಾ!” ಎಂದು ಬುಟ್ಟಿಯನ್ನು ಎದೆಗೆ ಒತ್ತಿಕೊಂಡಳು. ಒಳಗಿಂದ ಸದ್ದಾಯಿತೋ ಇಲ್ಲವೋ ಎಂದು ಕಿವಿಗೊಟ್ಟು ಕೇಳಿದಳು. ಅವಳ ಮುಖ ಬಿಳಚಿಕೊಂಡಿತ್ತು. ಬಸರಿ ಮರದ ತಿರುವು ಇನ್ನೂ ಮುಂದೆ ಇತ್ತು. “ಕಲೀಮು, ಇವತ್ತಿಗೆ ಮುಗೀತು ಕಣೋ” ಎಂದಳು. ಅಂಥ ಬಾಯಿಯ ಹೆಂಗಸು ಅಷ್ಟು ಮೆಲ್ಲಗೆ ಹೇಳಿದ್ದು ಕೇಳಿ ನನಗೆ ಅಳುವೇ ಬಂತು. ಇವಳಿಗೆ ಒಳ್ಳೆಯದು ಮಾಡಲು ಹೋಗಿ ಸಿಗಬಹುದಾಗಿದ್ದ ಒಂದು ಮೂಲೆಯನ್ನೂ ಕಳೆದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಮೇಷ್ಟ್ರು ಹಣೆ ಉಜ್ಜಿಕೊಳ್ಳುತ್ತ ಅವಳನ್ನೇ ನೋಡುತ್ತಿದ್ದರು. ದಿನಾ ಕೂತವರಿಗೆ ಹಿಂದೆ ನಿಂತವರು ಕಾಣುವುದಿಲ್ಲ. ಅವತ್ತು ಅವರೂ ನಿಂತಿದ್ದರು, ಅವಳ ಭುಜಕ್ಕೆ ಭುಜ ತಾಗಿತ್ತು, ಬುಟ್ಟಿಯ ಮೇಲಿನ ಸೊಟ್ಟ ಬೆರಳುಗಳು ಅವರ ಮೂಗಿನ ಕೆಳಗೇ ಇದ್ದವು.

“ಗೌಡ್ರೇ,” ಎಂದರು ಮೇಷ್ಟ್ರು, ಪಾಠ ಮಾಡುವ ಧ್ವನಿಯಲ್ಲಿ. “ಬೇರೆಯವರ ಟವೆಲ್ ಮೇಲೆ ಮನುಷ್ಯರು ಕೂರಬಾರದು, ಅದು ಪದ್ಧತಿ. ಒಪ್ಪಿದೆ. ಮೊಟ್ಟೆ ಕೂರಬಾರದು ಅಂತ ಪದ್ಧತಿ ಇದೆಯಾ?”

ಗೌಡರು ಕಂಬಿಯಲ್ಲಿ ತೂಗಾಡುತ್ತ ಯೋಚಿಸಿದರು. “ಮೊಟ್ಟೆ ಬಗ್ಗೆ ಎಂತದೂ ಕೇಳಿಲ್ಲ.”

“ಮನುಷ್ಯರು ಕೂತರೆ ಒಬ್ಬರ ಸೀಟು ಇನ್ನೊಬ್ಬರು ಕಿತ್ಕಂಡಂಗೆ. ಮೊಟ್ಟೆ ಕೂತರೆ ಯಾರೂ ಕಿತ್ಕಂಡಂಗಲ್ಲ. ಯಾರಿಗೂ ಸಿಗದ ಸೀಟು ಅದು.”

ನನಗೂ ಬೇಡ, ನಿನಗೂ ಬೇಡ ಎಂಬ ಮಾತು ನಮ್ಮ ಜನಕ್ಕೆ ಬಹಳ ಬೇಗ ಅರ್ಥವಾಗುತ್ತದೆ. ಮುಂದಿನ ಸೀಟಿಗೆ ಹೊಡೆದಾಡಿದವರೆಲ್ಲ, ಎದುರಾಳಿ ಕೂರುವುದಕ್ಕಿಂತ ಮೊಟ್ಟೆ ಕೂರುವುದೇ ವಾಸಿ ಎಂದು ಒಪ್ಪಿಬಿ‌ಟ್ಟರು. ಅಮೀರ್ ಬೀ ಬುಟ್ಟಿಯನ್ನು ಮುಂದಿನ ಸೀಟಿನ ಟವೆಲ್ ರಾಶಿಯ ಮೇಲೆ ಮಗು ಮಲಗಿಸುವ ಹಾಗೆ ಇಟ್ಟಳು. ಆಮೇಲೆ ಅಕ್ಕಪಕ್ಕದ ಸೀಟುಗಳ ಟವೆಲ್‌ಗಳನ್ನೂ ಎಳೆದು ಬುಟ್ಟಿಯ ಸುತ್ತ ತುರುಕಿದಳು. ಯಾರ ಟವೆಲ್ ಎಂದು ಯಾರಿಗೆ ಗೊತ್ತು?

ಬಸರಿ ಮರದ ತಿರುವು ಬಂತು. ಕರಿಯಣ್ಣ ತಿರುಗಿಸಿದ. ದೇವರೇ! ಹೂವಪ್ಪ ಗೌಡರು ಮೇಷ್ಟ್ರ ಮೇಲೆ, ಮೇಷ್ಟ್ರು ನನ್ನ ಮೇಲೆ, ನಾನು ಶಾಲೆ ಪಾರ್ಟಿಯವರ ಮೇಲೆ, ಅವರು ಮನೆ ಪಾರ್ಟಿಯವರ ಮೇಲೆ ಬಿದ್ದೆವು. ಒಬ್ಬರ ಕಾಲು ಇನ್ನೊಬ್ಬರ ಜೇಬಿನಲ್ಲಿ. ಪ್ರಬಂಧದ ಹಾಳೆಗಳು ಬಸ್ಸಿನ ತುಂಬ ಹಾರಾಡಿದವು. ಮೊಟ್ಟೆಗಳು ಮಾತ್ರ ಮುಂದಿನ ಸೀಟಿನಲ್ಲಿ ಸಾಹುಕಾರರ ಹಾಗೆ ಗಾಳಿ ಸೇವಿಸುತ್ತ ಕೂತಿದ್ದವು.

ಕೊಪ್ಪದಲ್ಲಿ ಶಫಿ ಒಂದೊಂದೇ ಮೊಟ್ಟೆ ಎತ್ತಿ ನೋಡಿದ. ಬುಟ್ಟಿಯ ಬುಡ ಮುಟ್ಟಿ ನೋಡಿದ, ಒಂದರಲ್ಲೂ ಬಿರುಕಿಲ್ಲ. “ಲಾರಿ ಬೇಡ ಬಿಡು ಖಾಲಾ, ನೀನೇ ತಾ” ಎಂದ. ಅಮೀರ್ ಬೀ ನನ್ನ ಕಡೆ ನೋಡಿ ಬಾಯಿತುಂಬ ಬೈದಳು, ಟವೆಲ್ ಸೊಂಟಕ್ಕೆ ಸಿಕ್ಕಿಸಿಕೋ ಅಂತ ಸರಿಯಾಗಿ ಯಾಕೆ ಹೇಳಿಸಲಿಲ್ಲ ಎಂದು. ನನ್ನ ಮನಸ್ಸು ಹಗುರವಾಯಿತು, ಹಳೆಯ ಅಮೀರ್ ಬೀ ವಾಪಸ್ ಬಂದಿದ್ದಳು.

ದೊಡ್ಡವರು ಸೋಲೊಪ್ಪುವ ಪೈಕಿಯೇ? ಮಾರನೆಯ ದಿನವೇ ನನ್ನ ಮನೆಯ ಮುಂದೆ ಸಾಲು. ಜಮೀಲಾಳ ಮಿಷನ್ ಮೇಲೆ ತಮ್ಮ ತಮ್ಮ ಟವೆಲ್‌ಗೆ ಗುರುತು ಹೊಲಿಸಿಕೊಳ್ಳಲು! ಗೌಡರು ಮೂರು ಟವೆಲ್‌ಗೂ ನವಿಲು ಹೊಲಿಸಿದರು. ಜಮೀಲಾ ಹೊಲಿದ ನವಿಲು ಬಾತುಕೋಳಿಯಂತಿತ್ತು, ಅದು ಬೇರೆ ಮಾತು. ಎಲ್ಲ ಮುಗಿದ ಮೇಲೆ ಅವಳು ಯಾರೂ ಕೇಳದೆಯೇ ಇನ್ನೊಂದು ಟವೆಲ್ ತೆಗೆದುಕೊಂಡು, ಅದರ ಮಧ್ಯೆ ಬಿಳಿ ದಾರದಲ್ಲಿ ಒಂದು ದೊಡ್ಡ ಮೊಟ್ಟೆ ಹೊಲಿದಳು. ಗಿಡ್ಡಯ್ಯನ ಕೈಗೆ ಕೊಟ್ಟು, “ಸೋಮವಾರ ಎಲ್ಲಕ್ಕಿಂತ ಮೊದಲು ಇದನ್ನ ಮುಂದಿನ ಸೀಟಿಗೆ ಎಸಿ. ಮರೆತ್ಯೋ, ನಿನ್ನ ಹರಿದ ಅಂಗಿ ಜನ್ಮದಲ್ಲಿ ಹೊಲಿದುಕೊಡಲ್ಲ” ಎಂದಳು. ಅಂಗಿಯ ಭಯ ದೊಡ್ಡದು, ಗಿಡ್ಡಯ್ಯ ಮರೆಯಲಿಲ್ಲ. ಗೌಡರು ಗೊಣಗಿದರು. ಆದರೆ ಟವೆಲ್ ಬಿದ್ದಾಗಿತ್ತು, ಪದ್ಧತಿ ಅಂತ ಒಂದು ಇದೆಯಲ್ಲ.

ಮೇಷ್ಟ್ರು ಬೆಂಗಳೂರಿಗೆ ಹೋಗಿ ಪ್ರಬಂಧ ಓದಿ ಬಂದರು. ಬಸ್ಸೆಲ್ಲ ಕಾದಿತ್ತು. ಏನಾಯ್ತು ಮೇಷ್ಟ್ರೇ, ಯಾವ ಸುಧಾರಣೆ ಮೊದಲು ಅಂತ ಆಯ್ತು ಎಂದು ಮೂರು ಪಾರ್ಟಿಯವರೂ ಮುತ್ತಿಕೊಂಡರು.

“ಎಂತ ಹೇಳ್ಲಿ? ಅಸಮಾನತೆ ಬಗ್ಗೆ ಎಲ್ಲರೂ ಚೆನ್ನಾಗಿ ಮಾತಾಡಿದ್ರು. ಊಟಕ್ಕೆ ಹೋಗಿ ನೋಡಿದ್ರೆ ಕುರ್ಚಿಗಳ ಮೇಲೆಲ್ಲ ಕರ್ಚೀಫು ಹಾಕಿಟ್ಟಿದ್ರು. ನಾನು ನಿಂತ್ಕಂಡೇ ಉಂಡೆ.”

ಅದಾದ ಮುಂದಿನ ಸೋಮವಾರದ ಮಾತು. ಅಮೀರ್ ಬೀ ಮುತ್ತಿನಕೊಪ್ಪದ ಬಸ್ಸಿಳಿದು, ಅವಸರವಿಲ್ಲದೆ, ಹೋಟೆಲಿನ ಮುಂದೆ ನಿಂತು ಚಹಾ ಕುಡಿದು, ಹೊರಡುವ ಹೊತ್ತಿಗೆ ಬಂದು ಹತ್ತಿದಳು. ಮೊಟ್ಟೆ ಚಿತ್ರದ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡಳು. ಥೇಟ್ ಗೌಡರ ಹಾಗೆಯೇ ಕೊಡವಿದಳು. ಬುಟ್ಟಿಯನ್ನು ಪಕ್ಕದ ಕಿಟಕಿಯ ಮೂಲೆಗೆ ಭದ್ರಮಾಡಿ, ಮಡಿಲು ಖಾಲಿ ಬಿಟ್ಟು ಹಾಯಾಗಿ ಕೂತಳು. ಬಸ್ಸು ಚಲಿಸುವ ಹೊತ್ತಿಗೆ ಅವಳ ಊರಿನವಳೇ ಆದ ತುಂಗಮ್ಮ ಎಂಬ ಮುದುಕಿ ಏದುಸಿರು ಬಿಡುತ್ತ ಹತ್ತಿದಳು. ಕೈಯಲ್ಲಿ ಪಾಕದಂಥ ಜೋನಿಬೆಲ್ಲ ತುಂಬಿದ ಮಣ್ಣಿನ ಗಡಿಗೆ, ಕೊಪ್ಪದಲ್ಲಿ ಬಾಣಂತಿ ಮಗಳಿಗೆ. ಬಸ್ಸೆಲ್ಲ ನೋಡಿ, ಎಲ್ಲೂ ಜಾಗವಿಲ್ಲದೆ, ಕೊನೆಗೆ ಅಮೀರ್ ಬೀಯ ಹತ್ತಿರ ಬಂದು ನಿಂತಳು.

“ಅಮೀರಮ್ಮ, ಕಾಲು ನಡುಗ್ತಾ ಅದೆ. ಬುಟ್ಟಿ ಕಾಲ ಮೇಲಿಟ್ಕಂಡು ಸ್ವಲ್ಪ ಸರೀತೀಯನೇ?”

ನಾನು ಟಿಕೆಟ್ ಹರಿಯುವುದನ್ನು ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಮೇಷ್ಟ್ರು ಕನ್ನಡಕ ತೆಗೆದು ಮುಂದೆ ಬಾಗಿದರು.

ಅಮೀರ್ ಬೀ ಹೆಗಲ ಟವೆಲ್ ಸರಿಮಾಡಿಕೊಂಡಳು. “ಟವೆಲ್ ಕಾಣದಿಲ್ವಾ ನಿಂಗೆ? ಪದ್ಧತಿ ಅಂತ ಒಂದು ಅದೆ.”

ನನ್ನ ಬಾಯಿಗೆ ಅವಳ ಬೈಗುಳಗಳೇ ಬಂದವು. ಇವಳಿಗಾಗಿ ನಾನು ಅಜೀಜ್ ಸಾಹೇಬರ ಕಾಲು ಹಿಡಿದೆ, ಊರೆಲ್ಲ ಒಬ್ಬರ ಮೇಲೊಬ್ಬರು ಬೀಳುವಂತೆ ಮಾಡಿದೆ! ಅಷ್ಟರಲ್ಲಿ ಬಸ್ಸು ಒಂದು ಗುಂಡಿಗೆ ಇಳಿದು ಹತ್ತಿತು. ತುಂಗಮ್ಮ ತೂಗಾಡಿದಳು, ಗಡಿಗೆ ಕಂಬಿಗೆ ತಾಗಿ ಠಣ್ ಎಂದಿತು. ಆ ಸದ್ದಿಗೆ ಅಮೀರ್ ಬೀ ಬೆಚ್ಚಿಬಿದ್ದು ತಿರುಗಿ ನೋಡಿದಳು. ಎರಡೂ ಸೊಟ್ಟ ಕೈಗಳನ್ನು ಚಾಚಿದಳು.

“ಗಡಿಗೆ ಇಲ್ಲಿ ಕೊಡು, ಮಡಿಲಾಗೆ ಇಟ್ಕತೀನಿ,” ಎಂದಳು. “ನೀನು ನಿಂತ್ಕ.”